ಹಗಲು ದೀಪ

ಗೋಕಾಕ
14-8-2025

ಪ್ರೀತಿಯ ಅವ್ವನಿಗೆ ಶೋಭಾಳ ನಮಸ್ಕಾರ.

ಫೋನಿನಲ್ಲಿ ಕೇಳಿದರೆ “ಆವಾಜ ಬರವಲ್ದು” ಅಂತ ಇಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ಇಯತ್ತೆ ಕಲಿತವಳು ನೀನು, ಅಕ್ಷರ ಕೂಡಿಸಿ ಓದು. ಮಮದಾಪುರದಲ್ಲಿ ಯಾರ ಕೈಗೂ ಕೊಟ್ಟು ಓದಿಸಬೇಡ.

ವಕೀಲರ ಆಫೀಸಿನಲ್ಲಿ ನನ್ನ ಕೆಲಸ ನಿನಗೆ ಗೊತ್ತು. ಯಾರಾದರೂ ಪಾಲುದಾರಿಕೆಗೆ ಇಳಿಯುವ ಮೊದಲು, ಎದುರಿನವರು ದಿವಾಳಿ ಅರ್ಜಿ ಹಾಕಿದ್ದಾರೇನು ಎಂದು ಕೋರ್ಟಿನ ಜಾಲತಾಣದಲ್ಲಿ ಹುಡುಕಿ ಕೊಡಬೇಕು. ಹೋದ ತಿಂಗಳು ಹಂಜಿ ಮನೆತನದ ಒಬ್ಬರನ್ನು ಹುಡುಕುವುದಿತ್ತು. ಅಡ್ಡಹೆಸರಷ್ಟೇ ಒತ್ತಿದೆ. ಹುಕ್ಕೇರಿಯ ಪಟ್ಟಿಯಲ್ಲಿ ಮೂರನೇ ಸಾಲು: ಪರಪ್ಪ ಈಶ್ವರಪ್ಪ ಹಂಜಿ, ಮೊದಲು ಮೂಡಲಗಿಯಲ್ಲಿ ಬೆಲ್ಲದ ವ್ಯಾಪಾರ, ಸದ್ಯ ವಾಸ ಹುಕ್ಕೇರಿ. ಅರ್ಜಿ ಹಾಕಿದ್ದು ಹೋದ ವರ್ಷ.

ಅಪ್ಪನಿಗೆ ನಾವು ಮಣ್ಣು ಕೊಟ್ಟು ಏಳು ವರ್ಷವಾಯಿತು, ಅವ್ವ.

ಅದೇ ಹೆಸರಿನ ಬೇರೆಯವರಿರಬಹುದು ಅಂದುಕೊಂಡೆ. ಆದರೆ ಬೆಲ್ಲ, ಮೂಡಲಗಿ, ಅಜ್ಜನ ಹೆಸರು ಮೂರೂ ಕೂಡಿ ಬರುವ ಇನ್ನೊಬ್ಬ ಮನುಷ್ಯ ಎಲ್ಲಿಂದ ಬಂದಾನು. ಕೆಳಗೆ ವಿಚಾರಣೆಯ ಐದು ತಾರೀಖುಗಳಿದ್ದವು. ಒಂದೊಂದರ ಮುಂದೆಯೂ ‘ಅರ್ಜಿದಾರ ಹಾಜರು’ ಅಂತ ಇತ್ತು. ಅಂದಿನಿಂದ ದಿನಕ್ಕೆ ಹತ್ತು ಸಲ ಆ ಹೆಸರು ತೆಗೆದು ನೋಡಿದ್ದೇನೆ.

ಮೊನ್ನೆ ಸೋಮವಾರ ರಜೆ ಹಾಕಿ ಮೂಡಲಗಿಗೆ ಹೋದೆ. ನಮ್ಮ ಅಂಗಡಿಗೆ ಬೀಗ ಹಾಕಿತ್ತು. ನಡು ಮಧ್ಯಾಹ್ನ, ಬಾಗಿಲ ಸಂದಿಗೆ ಕಣ್ಣಿಟ್ಟರೆ ಒಳಗೆ ದೀಪ ಉರಿಯುತ್ತಿತ್ತು. ಪಣತಿಯ ತುಂಬ ಎಣ್ಣೆ ಇತ್ತು. ಹಳೆಯ ಬೆಲ್ಲದ ವಾಸನೆ ಇನ್ನೂ ಹೋಗಿಲ್ಲ. ಬಾಜೂ ಅಂಗಡಿಯ ದರ್ಜಿ ಗುಡ್ಡಪ್ಪ ಕಾಕಾ ಮಷಿನ್ ನಿಲ್ಲಿಸದೆಯೇ ಹೇಳಿದರು: “ನಿಮ್ಮವ್ವಾರ ಸೋಮಾರಕ್ಕೊಮ್ಮಿ ಬಂದ ಹಚ್ಚಿ ಹೋಗ್ತಾರವಾ. ದಿವಾಳಿ ಎದ್ದವ್ರು ಅಂಗಡ್ಯಾಗ ಹಗಲ ದೀಪಾ ಹಚ್ಚೂದು ಹಿರ್ಯಾರ ಪದ್ಧತಿ. ಸತ್ತವ್ರ ಹೆಸರಲೆ ಯಾಕ ಹಚ್ಚತೀರಿ ಅಂತ ನಾ ಕೇಳಿಲ್ಲ.”

ಸೋಮವಾರ ಗುಡಿಗೆ ಹೋಗುತ್ತೇನೆ ಅನ್ನುತ್ತಿದ್ದೆಯಲ್ಲ. ನಿನ್ನ ಗುಡಿ ಇದೇ.

ಮರುದಿನ ಹುಕ್ಕೇರಿ ಕೋರ್ಟಿನಲ್ಲಿ ಆ ಅರ್ಜಿಯ ಆರನೇ ವಿಚಾರಣೆ ಇತ್ತು, ಹೋದೆ. ಜವಾನ ಅಪ್ಪನ ಹೆಸರನ್ನು ಮೂರು ಸಲ ಕೂಗಿದ. ಮೂರನೇ ಕೂಗಿಗೆ ಹಿಂದಿನ ಬೆಂಚಿನಿಂದ ಒಬ್ಬ ಮುದುಕ “ಇಲ್ಲೇ ಅದೀನ್ರಿ” ಅಂದ. ಅಪ್ಪನ ಧ್ವನಿ. ನಾನು ಸೆರಗು ಹೊದ್ದು ಕಂಬದ ಹತ್ತಿರ ನಿಂತಿದ್ದೆ. ನನ್ನನ್ನು ದಾಟಿ ಹೋಗುವಾಗ, ಸಾಹೇಬರಿಗೆ ಮುಗಿಯುವಂತೆ ನನಗೆ ಕೈ ಮುಗಿದ. ಮಗಳ ಗುರುತು ಹತ್ತಲಿಲ್ಲ. ಕರೆಯದೆ ಸೆರಗನ್ನು ಇನ್ನಷ್ಟು ಮುಂದೆ ಎಳೆದುಕೊಂಡೆ. ಸಿಟ್ಟು ಬಂತು, ಅಳು ಬಂತು, ಬದುಕಿದ್ದಾನಲ್ಲ ಎಂದು ಸಂತೋಷವೂ ಆಯಿತು.

ನೀನು ಯಾಕೆ ಹೀಗೆ ಮಾಡಿದೆ ಎಂದು ನಾನು ಕೇಳುವುದಿಲ್ಲ. ಅಪ್ಪ ಮನೆ ಬಿಟ್ಟು ಹೋದ ಮೇಲೆ ಸಾಲ ಕೊಟ್ಟವರು ದಿನವೂ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಘಟಪ್ರಭೆಯಲ್ಲಿ ಮುಖದ ಗುರುತಿಲ್ಲದ ಹೆಣ ತೇಲಿ ಬಂದಾಗ ನೀನು “ಇವ್ರ ನಮ್ಮ ಮನಿಯವ್ರು” ಅಂದೆ. ಕೊರಳಲ್ಲಿ ಲಿಂಗ ಯಾಕಿಲ್ಲ ಎಂದು ಅಯ್ಯನವರು ಕೇಳಿದರೆ, ಹೊಳಿ ಒಯ್ದಿರಬೇಕು ಅಂದೆ. ಅವರು ಅಂಗೈಯಲ್ಲಿ ಹೊಸ ಲಿಂಗ ಇಟ್ಟು, ನಮ್ಮ ಹೊಲದಲ್ಲಿ ಕೂಡಿಸಿ ಮಣ್ಣು ಕೊಟ್ಟರು. ಆಮೇಲೆ ಬಾಗಿಲಿಗೆ ಯಾರೂ ಬರಲಿಲ್ಲ.

ಆ ಸಮಾಧಿಗೆ ಪ್ರತಿ ಅಮಾವಾಸ್ಯೆಗೆ ಎಡೆ ಹಿಡಿಯುತ್ತೇವೆ. ನನ್ನ ಮಕ್ಕಳು ಪರೀಕ್ಷೆಗೆ ಹೋಗುವ ಮೊದಲು ಅಲ್ಲಿ ಹಣೆ ಹಚ್ಚುತ್ತಾರೆ. ಅಪ್ಪನ ಹೆಸರಿನಲ್ಲಿ, ನಾವು ಕೊಟ್ಟ ಲಿಂಗ ಹಿಡಿದುಕೊಂಡು, ನಮ್ಮ ಹೊಲದಲ್ಲಿ ಕೂತವರು ಯಾರು, ಅವ್ವ?

ಬರುವ ಅಮಾವಾಸ್ಯೆಗೆ ಊರಿಗೆ ಬರುತ್ತೇನೆ. ಗುಡಿ, ಗಿಡಿ ಅಂತ ಎಲ್ಲೂ ಹೋಗಬೇಡ.

ನಿನ್ನ ಮಗಳು,
ಶೋಭಾ

ತಾ.ಕ.: ಏನೂ ತಿಳಿಯದವಳ ಹಾಗೆ ಮೇಲೆ ಕೇಳಿದ್ದೇನೆ, ಅದು ಸುಳ್ಳು. ಮಣ್ಣಿನ ದಿನ ಹೆಣದ ಮುಂಗೈ ಮೇಲೆ ಹಚ್ಚೆಯಲ್ಲಿ ‘ಲಗಮವ್ವ’ ಎಂದಿತ್ತು. ನೀನು ಅದರ ಮೇಲೆ ದಪ್ಪಗೆ ವಿಭೂತಿ ಬಳಿದೆ. ಬಟ್ಟಲು ಹಿಡಿದು ನಿಂತವಳು ನಾನು. ಓದಿದೆ, ಬಾಯಿ ಮುಚ್ಚಿಕೊಂಡೆ. ನಿನ್ನೆ ಕಾಣೆಯಾದವರ ಪಟ್ಟಿಯನ್ನೂ ತೆಗೆದು ಹುಡುಕಿದೆ. ಅರಭಾವಿಯ ಒಬ್ಬರು, ಅದೇ ವರ್ಷ ಮನೆ ಬಿಟ್ಟವರು. ಗುರುತು: ಮುಂಗೈ ಮೇಲೆ ಹೆಂಡತಿಯ ಹೆಸರು. ಇವತ್ತು ಬೆಳಿಗ್ಗೆ ಆ ಮನೆಗೆ ಹೋಗಿದ್ದೆ. ಅವಳ ಕೈತುಂಬ ಇನ್ನೂ ಹಸಿರು ಬಳೆ ಇವೆ. ಅಮಾವಾಸ್ಯೆಗೆ ಅವಳನ್ನು ಕರೆದುಕೊಂಡು ಬರುತ್ತಿದ್ದೇನೆ.