ಔರಾದದ ಹಾಜರಿ

೧೫ ಜುಲೈ, ಮಂಗಳವಾರ

ನೌಕರಿ ಸಿಕ್ಕಿದೆ, ನಿದ್ದೆ ಬರುತ್ತಿಲ್ಲ.

ನನ್ನ ಹಳೆಯ ನೌಕರಿ ಕಳೆದ ಆ ಕಥೆಯನ್ನು ನನಗೆ ಮೊದಲು ಹೇಳಿದವಳು ಭಾತಂಬ್ರಾ ಊರಿನ ಮುದುಕಿ ಸುಮನ ಆಯಿ, ನಾನು ಶಾಲೆಯಲ್ಲಿ ಎರಡನೇ ಇಯತ್ತೆಯಲ್ಲಿದ್ದಾಗ. ಕತ್ತಲಾದ ಮೇಲೆ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಸಲಕ್ಕೇ ಓ ಅನ್ನಬಾರದು. ಕರೆದವರು ಮನುಷ್ಯರೇ ಆಗಿದ್ದರೆ ಮತ್ತೊಮ್ಮೆ ಕರೆಯುತ್ತಾರೆ. ಔರಾದದ ಒಂದು ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದಾಗ ಮಕ್ಕಳಿಗೆ ಅದನ್ನೇ ಹೇಳಿದ್ದೆ.

ನಿನ್ನೆ ಬೀದರಿನ ಒಂದು ಹಾಸ್ಟೆಲಿನಲ್ಲಿ ವಾರ್ಡನ್ ಕೆಲಸಕ್ಕೆ ಸಂದರ್ಶನ. ಹಿಂದಿನ ಸಂದರ್ಶನಗಳಲ್ಲೆಲ್ಲ ನಾನು ಸೋತದ್ದು ಒಂದೇ ಪ್ರಶ್ನೆಗೆ. ಮುಖ್ಯಸ್ಥೆ ಏಂಜಲಿನಾ ಮೇಡಂ ಅದನ್ನೇ ಮೊದಲು ಕೇಳಿದರು.

“ಔರಾದದಾಗ ನಿಮ್ಗ ನೌಕರಿಲಿಂದ ತೆಗದ್ರಂತಲ್ಲ, ಯಾಕ್ರಿ?”

ಈ ಸಲ ಇದ್ದದ್ದನ್ನೇ ಹೇಳಿದೆ. ಮಕ್ಕಳಿಗೆ ಕಥೆ ಹೇಳಿದ ಮರುದಿನ, ದೀಪ ಹಚ್ಚಿದ ಮೇಲೆ, ಇಲಾಖೆಯ ಸಾಹೇಬರು ತಪಾಸಣೆಗೆ ಬಂದರು. ನಾನು ಹಾಜರಿ ಕರೆದರೆ ಒಂದು ಮಗುವೂ ತುಟಿ ಬಿಚ್ಚಲಿಲ್ಲ. ಆದರೂ ಪ್ರತಿ ಹೆಸರಿಗೂ “ಹಾಜರ್ ರಿ” ಎಂಬ ದನಿ ಬಂತು, ಮಕ್ಕಳ ಹಿಂದಿನ ಗೋಡೆಯ ಕಡೆಯಿಂದ. ಎಲ್ಲ ಹೆಸರಿಗೂ ಅದೊಂದೇ ದನಿ. ನಾನೇ ಸುಳ್ಳು ಹಾಜರಿ ಕೊಡಿಸಿದೆನೆಂದು ಸಾಹೇಬರು ನನ್ನನ್ನು ತೆಗೆದುಹಾಕಿದರು.

“ಮಾಸ್ತರ್ರು ಛಲೋ ಕಥಿ ಕಟ್ತಾರ ಬಿಡ್ರಿ,” ಎಂದು ಗುಮಾಸ್ತ ನರಸಿಂಗ ನಕ್ಕ.

ಮೇಡಂ ನಗಲಿಲ್ಲ. “ಹೆಣ್ಮಗಳ ದನಿ ಇತ್ತೋ, ಗಂಡಸರದೋ?”

“ಸಣ್ಣ ಕೂಸಿಂದ್ರಿ.”

ನರಸಿಂಗನ ನಗು ಅಲ್ಲೇ ನಿಂತಿತು.

ಇವತ್ತು ಬೆಳಿಗ್ಗೆ ಫೋನ್ ಮಾಡಿ ಕರೆಸಿದರು. ಅಂಗಳದಲ್ಲಿ ಮಕ್ಕಳು ಸಾಲಾಗಿ ನಿಂತಿದ್ದರು.

“ಇವತ್ತಿಂದ ನೀವೇ ನೋಡ್ಕೋರಿ. ಆದ್ರ ನಮ್ಮಲ್ಲೂ ಹಾಜರಿಗೆ ಹೆಸರು ಕರಿಯೂದಿಲ್ರಿ, ಕರದ್ರ ಆ ಕೂಸು ಇಲ್ಲೂ ಓ ಅಂತದ,” ಎಂದರು ಮೇಡಂ.

ಆಮೇಲೆ ಅವರೂ ನರಸಿಂಗನೂ ಒಂದೊಂದೇ ಮಗುವಿನ ತಲೆಯ ಮೇಲೆ ಕೈಯಿಟ್ಟು, ಮುಟ್ಟಿ ಮುಟ್ಟಿ ಎಣಿಸುತ್ತಾ ಹೋದರು.