ಮಲಗಿಸುವುದೋ, ಕೂಡಿಸುವುದೋ

ಗೊಬ್ಬೂರಿನ ಅತ್ತೆಯವರಿಗೆ ಶೈಲಶ್ರೀಯ ಶರಣು.

ನಿಮ್ಮ ಮಗ ತೀರಿಹೋದ ಸುದ್ದಿಯನ್ನು ಮೈದುನ ಅನೀಲಕುಮಾರ ನಿಮಗೆ ಹೇಳಿದ್ದಾನೆ. ಮುಂದಿನದು ಫೋನಿನಲ್ಲಿ ಕೇಳುವ ಮಾತಲ್ಲ. ಅವನೇ ಓದಿ ಹೇಳಲಿ ಎಂದು ಈ ಪತ್ರವನ್ನು ಅವನ ಮೊಬೈಲಿಗೆ ಕಳಿಸುತ್ತಿದ್ದೇನೆ.

ಪೋರ್ಚುಗಲ್ಲಿನ ಈ ಹಳೆಯ ತೋಟದ ಮನೆಯಲ್ಲಿ ನಾವು ನಾಲ್ಕು ಮನೆತನದವರು ಒಂದೇ ಅಡುಗೆ ಉಂಡು, ಒಂದೇ ಹೊಲ ಮಾಡಿಕೊಂಡಿದ್ದೆವು. ಬಳಗವಲ್ಲದವರ ಜೊತೆ ಹೇಗಿರುತ್ತೀರಿ ಎಂದು ನೀವು ಕೇಳುತ್ತಿದ್ದಿರಿ. ಅವರೇ ಸರದಿಯ ಮೇಲೆ ಆಸ್ಪತ್ರೆಯಲ್ಲಿ ಕುಳಿತರು. ನಮ್ಮ ಲಿಂಗಾಯತರಲ್ಲಿ ಮಲಗಿಸದೆ, ಕೂಡಿಸಿ ಮಣ್ಣು ಮಾಡುತ್ತಾರೆ ಎಂದು ನಾನು ಹೇಳಿದಾಗ, ಅಷ್ಟು ಆಳದ ಕುಣಿಯನ್ನು ಆಲಿವ್ ಗಿಡಗಳ ಪಕ್ಕ ತಾವೇ ತೋಡುತ್ತೇವೆ ಎಂದರು. ಸರಕಾರ ಒಪ್ಪಲಿಲ್ಲ. ಊರ ಸ್ಮಶಾನದಲ್ಲಿ, ಪೆಟ್ಟಿಗೆಯಲ್ಲಿ ಮಲಗಿಸಿಯೇ ಹೂಳಬೇಕಂತೆ. ಕೂಡಿಸಲೇಬೇಕೆಂದರೆ ಗೊಬ್ಬೂರಿಗೆ ತಂದು ಮಾವನವರ ಪಕ್ಕದಲ್ಲಿ ಇಡಬೇಕು.

ಆಸ್ಪತ್ರೆಯಲ್ಲಿದ್ದಾಗ ನಿಮ್ಮ ಮಗನನ್ನೇ ಕೇಳಿದ್ದೆ. “ನನಗ ಹ್ಯಾಂಗ ಇಟ್ಟರೂ ನಡೀತದ. ಆದ್ರ ಅವ್ವಗ ಒಂದ್ ಮಾತು ಕೇಳು, ಇಲ್ಲಾಂದ್ರ ಆಕಿ ನಿನ್ನ ಬಿಡಂಗಿಲ್ಲ” ಎಂದು ನಕ್ಕರು. ನನ್ನ ಭಾರ ಇಳಿಸಲು ಹಾಗೆಂದರೋ, ನಿಜವಾಗಿ ಹಾಗೇ ಅನಿಸಿತ್ತೋ, ನನಗೆ ತಿಳಿಯದು.

ನಾನು ಮುಂದೆಯೂ ಇಲ್ಲೇ ಇರುವವಳು. ಅವರೂ ಹತ್ತಿರ ಇರಲಿ ಎಂಬ ಆಸೆ ನನಗಿದೆ. ಅದನ್ನು ಮುಚ್ಚಿಟ್ಟು ನಿಮ್ಮನ್ನು ಕೇಳುವುದು ಸರಿಯಲ್ಲ. ತರಬೇಕೆಂದರೆ ತರುತ್ತೇನೆ. ನಾಳೆ ಸಂಜೆಯೊಳಗೆ ಹೇಳಿ.

ಇಲ್ಲೇ ಆಗಲಿ ಎಂದರೆ, ಮಲಗಿದವರ ಎಡಗೈಯಿಂದ ಇಷ್ಟಲಿಂಗ ಜಾರದ ಹಾಗೆ ಹೇಗೆ ಕಟ್ಟಬೇಕು ಎಂಬುದನ್ನೂ ತಿಳಿಸಿ.

ನಿಮ್ಮ ಸೊಸೆ,
ಶೈಲಶ್ರೀ