ಕುಸುಮಬಾಯಿಯ ಊಟ, ನನ್ನ ಪರೀಕ್ಷೆ

ಉದಗೀರ
೧೪ ಜುಲೈ ೨೦೧೯

ಗುಂಜೋಟಿಯ ನನ್ನ ಅಕ್ಕ ಸುಗಂಧಾಳಿಗೆ ಶರಣು.

ಪತ್ರ ದಪ್ಪ ಇದೆ ಎಂದು ಗಾಬರಿಯಾಗಬೇಡ, ನಾವೆಲ್ಲ ಆರಾಮಿದ್ದೇವೆ.

ನಮ್ಮ ವೃದ್ಧಾಶ್ರಮದಲ್ಲಿ ಹೊಸ ನಿಯಮ ಬಂತು. ಮರೆವಿನ ರೋಗದವರನ್ನು ನೋಡಿಕೊಳ್ಳುವ ಆಯಾಗಳೆಲ್ಲ ಆರು ದಿನ ಟ್ರೇನಿಂಗ್ ಮಾಡಿ ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ಕೆಲಸ ಬಿಡಬೇಕು. ನಿನಗೆ ಗೊತ್ತೇ ಇದೆ, ಭೂಕಂಪದಲ್ಲಿ ಸಾಲೆ ಬಿದ್ದ ಮೇಲೆ ನಾನು ನಾಲ್ಕನೇ ಇಯತ್ತೆಗೇ ನಿಂತವಳು. ಹಾಳೆ ಕೈಗೆ ಬಂದರೆ ಅಕ್ಷರ ಕೂಡಿಸಿ ಕೂಡಿಸಿ ಓದಬೇಕು. ಟ್ರೇನಿಂಗಿನಲ್ಲಿ ಕೊಟ್ಟ ನಿಯಮದ ಹಾಳೆಯ ಒಂದೊಂದು ಸಾಲನ್ನೂ ಹತ್ತು ಸಲ ಓದಿದೆ. ಮರೆತವರ ಜೊತೆ ವಾದ ಮಾಡಬಾರದು. ಎದುರಿಗೆ ಕೂತು ಮಾತಾಡಬೇಕು. ಕೊರಳಲ್ಲಿ ದಾರ, ಸರ ಬಿಡಬಾರದು, ಉರುಲಾದೀತು.

ಮೂರನೇ ದಿನ ಕುಸುಮಬಾಯಿ ಊಟ ಬಿಟ್ಟರು. ಉಮರ್ಗಾದ ಕಿರಾಣಿ ಅಂಗಡಿಯವರ ಮನೆಯ ಮುದುಕಿ, ಮಗನ ಹೆಸರೂ ನೆನಪಿಲ್ಲ. ತಾಟು ಇಟ್ಟರೆ ದೂಡುವುದು, ಕುತ್ತಿಗೆ ತಡವಿಕೊಳ್ಳುವುದು. ಮರುದಿನವೂ ಅದೇ. ಮೂಗಿಗೆ ನಳಿಗೆ ಹಾಕಿಸೋಣ ಎಂದು ನರ್ಸ್ ರಂಭಾಬಾಯಿ ಡಾಕ್ಟರಿಗೆ ಫೋನ್ ಹಚ್ಚಿದರು. ನಾನು ಬಾಗಿಲಲ್ಲೇ ನಿಂತಿದ್ದೆ. ನಿಯಮದ ಪ್ರಕಾರ ಅವರ ಕೊರಳಿನ ಲಿಂಗ ತೆಗೆದು ಕಪಾಟಿನಲ್ಲಿ ಇಟ್ಟಿದ್ದರು. ಲಿಂಗಪೂಜೆ ಆಗದೆ ನಮ್ಮವ್ವ ಗುಟುಕು ನೀರಾದರೂ ಕುಡಿಯುತ್ತಿದ್ದಳೇ?

ಟ್ರೇನಿಂಗ್ ಕೊಡುವ ಅನುಸೂಯಾಬಾಯಿಯ ಮುಂದೆ ಹೋಗಿ ನಿಂತೆ.

"ಆಯಿಗಿ ಹಸಿವಿ ಅದರಿ. ಲಿಂಗ ಕೊಡ್ರಿ, ಪೂಜಿ ಆದಮ್ಯಾಲ ಉಣತಾರ" ಅಂದೆ.

ನಾಲ್ಕನೇ ಇಯತ್ತೆಯವಳು ಡಾಕ್ಟರಾದಳು ಎಂದು ರಂಭಾಬಾಯಿ ಚುಚ್ಚಿದರು. ಅನುಸೂಯಾಬಾಯಿ ಮಾತ್ರ ಕಪಾಟಿನ ಕೀಲಿ ಕೊಟ್ಟರು.

ಕುಸುಮಬಾಯಿಯ ಕೈಕಾಲು ತೊಳೆಸಿ, ಲಿಂಗ, ವಿಭೂತಿ ಮುಂದಿಟ್ಟೆ. ಅವರ ಎಡ ಅಂಗೈ ತಾನೇ ಬಿಚ್ಚಿತು, ಅಕ್ಕಾ. ಪೂಜೆ ಮುಗಿಸಿ ನನ್ನ ಮುಖ ನೋಡಿ, "ಎಷ್ಟೊತ್ತ ಕಾಯಸ್ತಿ ಯವ್ವಾ, ರೊಟ್ಟಿ ತಾ" ಎಂದರು. ಎರಡು ಜೋಳದ ರೊಟ್ಟಿ ಉಂಡರು. ರಂಭಾಬಾಯಿಯೇ ಪಲ್ಯ ಬಡಿಸಿದರು.

ಈಗ ಜಗ್ಗಿದರೆ ಬಿಚ್ಚುವ ಹಾಗೆ ದಾರಕ್ಕೆ ಸಡಿಲು ಗಂಟು ಹಾಕಿದ್ದೇನೆ. ಮೈಮೇಲಿನದನ್ನು ತೆಗೆಯುವ ಮೊದಲು ಮನೆಯವರನ್ನು ಕೇಳಬೇಕು ಎಂದು ನಿಯಮದ ಹಾಳೆಯಲ್ಲಿ ಹೊಸ ಸಾಲು ಬಂದಿದೆ. ನಿನ್ನೆ ಪರೀಕ್ಷೆ ಆಯಿತು. ಪಾಸಾದೆ. ಕುಸುಮಬಾಯಿ ನನ್ನ ವಾರ್ಡಿನಲ್ಲೇ ಇರುತ್ತಾರೆ.

ಮಾವನವರಿಗೆ ನಮಸ್ಕಾರ ತಿಳಿಸು.

ನಿನ್ನ ಪುಕ್ಕಲು ತಂಗಿ,
ಶಿವಕಾಂತಾ

ತಾ.ಕ.: ಲಿಂಗ ತೆಗೆದಿಟ್ಟಿದ್ದರು ಎಂದು ಬರೆದೆನಲ್ಲ, ತೆಗೆದವಳು ನಾನೇ. ಫೇಲಾಗುವ ಅಂಜಿಕೆಯಲ್ಲಿ ಹಾಳೆ ಹೇಳಿದಂತೆ ಮಾಡಿದೆ, ಆಮೇಲೆ ಒಂದೂವರೆ ದಿನ ಬಾಯಿ ಬಿಡಲಿಲ್ಲ. ಪರೀಕ್ಷೆಗೆ ಮೊದಲು ಅನುಸೂಯಾಬಾಯಿಗೆ ಹೇಳಿಬಿಟ್ಟೆ. ನಾಳೆ ಹೊಸ ಆಯಾಗಳ ಮುಂದೆ ಇದನ್ನು ನಾನೇ ಹೇಳಬೇಕಂತೆ. ಹೇಳುತ್ತೇನೆ.